ನಡಿಗೆ ನಿಲ್ಲಿಸಿ ಬರೀ ವೇಟ್ಸ್ ಮಾಡಿ ಎನ್ನುತ್ತಾರೆ, ಏನು ಮಾಡಲಿ?

ಕೆರೆ ಏರಿ:

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಊರು ಮೈಸೂರು, ದಿನವಿಡೀ ಕೂತು ಮಾಡುವ ಕೆಲಸ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 6.1 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೀಗೇ ಬಿಟ್ಟರೆ ಬರುತ್ತದೆ, ದಿನಾ ನಡೆಯಿರಿ ಎಂದರು ಡಾಕ್ಟರು. ನಮ್ಮಪ್ಪನಿಗೂ ಇತ್ತು. ಕಾಲಿನ ಗಾಯ ತಿಂಗಳುಗಟ್ಟಲೆ ಒಣಗದೆ ಅವರು ಪಟ್ಟ ಪಾಡು ನೋಡಿದ್ದೇನೆ, ಹಾಗಾಗಿ ನಿಜಕ್ಕೂ ಹೆದರಿದೆ.

ಅವತ್ತಿನಿಂದ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಗಂಟೆ ನಡಿಗೆ, ನಡುವೆ ಸ್ವಲ್ಪ ಓಟ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. 86 ಕೆಜಿ ಇದ್ದವನು ಐದು ತಿಂಗಳಲ್ಲಿ 80ಕ್ಕೆ ಬಂದೆ. ಆಮೇಲೆ ಮೂರು ತಿಂಗಳಿಂದ ಮುಳ್ಳು ಅಲ್ಲಾಡುತ್ತಿಲ್ಲ. ತೋಳು ಸಣ್ಣಗಾಗಿದೆ, ಹೊಟ್ಟೆ ಮಾತ್ರ ಹಾಗೇ ಇದೆ, ಬೆಟ್ಟ ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ.

ಹೋದ ವಾರ ಮನೆ ಹತ್ತಿರದ ಜಿಮ್ ಸೇರಿದೆ. "ಸಾರ್, ಮೊದ್ಲು ಈ ಓಟ ಗೀಟ ಎಲ್ಲ ನಿಲ್ಸಿ, ಇಲ್ಲಾಂದ್ರೆ ಮಸಲ್ ಬರಲ್ಲ" ಎಂದರು ಅಲ್ಲಿನ ಟ್ರೈನರ್. ಡಾಕ್ಟರು ನಡೆಯಿರಿ ಎಂದಿದ್ದಾರೆ. ಸ್ನೇಹಿತನೊಬ್ಬ ಈ ವಯಸ್ಸಲ್ಲಿ ಭಾರ ಎತ್ತಿದರೆ ಹೃದಯಕ್ಕೆ ಕಷ್ಟ ಎನ್ನುತ್ತಾನೆ. ನನಗೆ ಸಿಗುವುದು ವಾರದ ದಿನಗಳಲ್ಲಿ ಒಂದು ಗಂಟೆ, ಭಾನುವಾರ ಎರಡು ಗಂಟೆ. ಇದನ್ನು ಹೇಗೆ ಹಂಚಲಿ? ಅನುಭವ ಇರುವವರು ದಯವಿಟ್ಟು ಹೇಳಿ.

ಕಬ್ಬಿಣದ ರಾಡು:

ನಡಿಗೆ ನಿಲ್ಲಿಸಬೇಡಿ ಸಾರ್. ಹದಿನೈದು ವರ್ಷದಿಂದ ವೇಟ್ಸ್ ಮಾಡುತ್ತಿದ್ದೇನೆ, ನಾನೇ ಹೇಳುತ್ತಿದ್ದೇನೆ, ನಿಲ್ಲಿಸಬೇಡಿ.

ಓಡಿದರೆ ಮಸಲ್ ಬರಲ್ಲ ಎನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೊಂದು ಮೂಲ ಇದೆ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್‌ಸನ್ ಎಂಬ ಸಂಶೋಧಕರು ಮೂರು ಗುಂಪು ಮಾಡಿ ಹತ್ತು ವಾರ ಪ್ರಯೋಗ ನಡೆಸಿದರು, ಒಂದು ಗುಂಪಿಗೆ ಬರೀ ವೇಟ್ಸ್, ಒಂದಕ್ಕೆ ಬರೀ ಓಟ ಮತ್ತು ಸೈಕಲ್, ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಶಕ್ತಿ ಮೊದಲು ಬರೀ ವೇಟ್ಸ್ ಮಾಡಿದವರಂತೆಯೇ ಏರಿತು, ಏಳೆಂಟು ವಾರ ಆದ ಮೇಲೆ ನಿಂತು ಇಳಿಯತೊಡಗಿತು. ಆದರೆ ಅವರು ಮಾಡಿದ್ದೆಷ್ಟು ನೋಡಿ. ವಾರಕ್ಕೆ ಐದು ದಿನ ವೇಟ್ಸ್, ಅದರ ಮೇಲೆ ಆರು ದಿನ ಜೋರು ಓಟ, ಸೈಕಲ್. ಅಷ್ಟು ಮಾಡಿದರೆ ಯಾರ ಮೈಯಾದರೂ ಸೋಲುತ್ತದೆ. ಕೆರೆ ಸುತ್ತ ನಡೆಯುವವರಿಗೂ ಆ ಲೆಕ್ಕಕ್ಕೂ ಸಂಬಂಧ ಇಲ್ಲ.

ನಿಮಗೆ ವೇಟ್ಸ್ ಬೇಕಾಗಿರುವುದು ತೋಳಿಗಲ್ಲ, ಸಕ್ಕರೆಗೆ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ನೀವು ಇಳಿಸಿದ ಆರು ಕೆಜಿಯಲ್ಲಿ ಕೊಬ್ಬಿನ ಜೊತೆ ಸ್ವಲ್ಪ ಮಾಂಸಖಂಡವೂ ಹೋಗಿದೆ, ತೋಳು ಸಣ್ಣಗಾಗಿದ್ದು ಅದಕ್ಕೇ ಇರಬೇಕು. ಅದನ್ನು ವಾಪಸ್ ಕಟ್ಟಬೇಕು.

ನಾನಾದರೆ ಹೀಗೆ ಮಾಡುತ್ತಿದ್ದೆ. ಸೋಮವಾರ ಮತ್ತು ಗುರುವಾರ ಪೂರ್ತಿ ಮೈಗೆ ವೇಟ್ಸ್, ಎದೆಗೊಂದು ದಿನ ತೋಳಿಗೊಂದು ದಿನ ಎಂಬ ವಿಂಗಡಣೆ ಈಗ ಬೇಡವೇ ಬೇಡ. ಒಂದು ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಒಂದು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಒಂದು ತಳ್ಳುವುದು, ಒಂದು ಎಳೆಯುವುದು, ಪ್ರತಿಯೊಂದೂ ಮೂರು ಸೆಟ್, ಸೆಟ್‌ಗೆ ಹತ್ತು ಸಲ. ಹತ್ತನೆಯದು ಮುಗಿದಾಗ ಇನ್ನೂ ಎರಡು ಆಗುತ್ತಿತ್ತು ಅನ್ನಿಸಬೇಕು, ಅಷ್ಟು ಭಾರ ಸಾಕು. ಮಂಗಳವಾರ, ಶುಕ್ರವಾರ ಕೆರೆ. ಬುಧವಾರ, ಶನಿವಾರ ನಿಧಾನ ನಡಿಗೆ ಅಥವಾ ವಿಶ್ರಾಂತಿ. ಒಂದೇ ದಿನ ಎರಡೂ ಮಾಡುವುದಾದರೆ ಮೊದಲು ವೇಟ್ಸ್, ಆಮೇಲೆ ಟ್ರೆಡ್‌ಮಿಲ್. ಕಾಲು ದಣಿದ ಮೇಲೆ ಸ್ಕ್ವಾಟ್ ಮಾಡಿದರೆ ಬೆನ್ನು ಬಾಗುತ್ತದೆ, ಪೆಟ್ಟಾಗುವುದು ಆಗಲೇ.

ಬೆಳಗಿನ ಓಟ:

ನಾನು ಮಂಡಿ ಬಗ್ಗೆ ಮಾತ್ರ ಹೇಳುತ್ತೇನೆ ತಮ್ಮಾ, ಅದು ನಾನೇ ಅನುಭವಿಸಿದ್ದು. ನನಗೆ 52, ಬೆಂಗಳೂರು, ಲಾಲ್‌ಬಾಗ್‌ನಲ್ಲಿ ಓಡುತ್ತೇನೆ. ನಾಲ್ಕು ವರ್ಷದ ಹಿಂದೆ ವಾರಕ್ಕೆ ಐದು ದಿನ ಓಟ, ಬೇರೆ ಏನೂ ಇಲ್ಲ. ಮೆಟ್ಟಿಲು ಹತ್ತುವಾಗ ಏನೂ ಆಗುತ್ತಿರಲಿಲ್ಲ, ಇಳಿಯುವಾಗ ಜೀವ ಹೋಗುತ್ತಿತ್ತು. ಫಿಸಿಯೋ ನೋಡಿ ತೊಡೆಯಲ್ಲಿ ಬಲ ಇಲ್ಲ, ಇಳಿಯುವಾಗ ಮೈಭಾರವನ್ನು ತೊಡೆ ಹಿಡಿದುಕೊಳ್ಳುತ್ತಿಲ್ಲ, ಎಲ್ಲ ಮಂಡಿಗೆ ಬೀಳುತ್ತಿದೆ ಎಂದರು.

ಎರಡು ದಿನದ ಓಟ ಬಿಟ್ಟೆ. ಬಿಡುವಾಗ ತುಂಬಾ ಸಂಕಟ ಆಯಿತು, ಓಡುವವರಿಗೆ ಗೊತ್ತು ಅದು. ಆ ಎರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು, ಆಮೇಲೆ ಡಂಬೆಲ್ ಹಿಡಿದು ಅದನ್ನೇ ಮಾಡುವುದು. ಮೂರು ತಿಂಗಳು ಬೇಕಾಯಿತು. ಈಗ ಮಂಡಿ ನೋವಿಲ್ಲ. 25 ಕೆಜಿ ಅಕ್ಕಿ ಮೂಟೆ ನಾನೇ ಎತ್ತಿ ಒಳಗಿಡುತ್ತೇನೆ, ಮೊದಲು ಮಗನನ್ನು ಕರೆಯಬೇಕಿತ್ತು.

ನೀನು ಬೆಟ್ಟ ಬಿಡಬೇಡ. ಮೆಟ್ಟಿಲಲ್ಲಿ ಹತ್ತು, ಸಿಟಿ ಬಸ್ಸಲ್ಲಿ ಇಳಿ. ತೊಡೆ ಗಟ್ಟಿಯಾದ ಮೇಲೆ ಮೊದಲು ಮೇಲಿಂದ ಮೆಟ್ಟಿಲ ದಾರಿಯ ನಡುವಿನ ನಂದಿ ವಿಗ್ರಹದವರೆಗೆ ಮಾತ್ರ ಇಳಿದು ನೋಡು. ಮಂಡಿ ಊದಿದರೆ, ನಡುವೆ ಸಿಕ್ಕಿಕೊಂಡ ಹಾಗಾದರೆ ಮಾತ್ರ ಕಾಯಬೇಡ, ಡಾಕ್ಟರಿಗೆ ತೋರಿಸು.

ಇನ್ನೊಂದು, ತುಂಬಾ ಜನ ದಿನಾ ಏದುಸಿರು ಬರುವ ಹಾಗೆ ಓಡುತ್ತಾರೆ, ಅಷ್ಟು ಬೇಡ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಹಾಗೆ ಮಾಡಿದರೆ ಮರುದಿನ ಭಾರ ಎತ್ತಲು ಕಾಲಲ್ಲಿ ಕಸುವು ಉಳಿದಿರುತ್ತದೆ.

ಕೆಂಪು ಮಣ್ಣು:

ನಾನೂ ಮೈಸೂರೇ. ನಮ್ಮ ತಾತ ಗರಡಿಗೆ ಹೋಗುತ್ತಿದ್ದವರು. ಬೆಳಗ್ಗೆ ಎದ್ದು ಅಖಾಡದ ಮಣ್ಣು ಅಗೆದು ಹದ ಮಾಡುವುದು, ನೂರಾರು ಬಸ್ಕಿ, ದಂಡ, ಗದೆ ತಿರುಗಿಸುವುದು, ಆಮೇಲೆ ಕುಸ್ತಿ. ಅದರಲ್ಲಿ ಶಕ್ತಿ ಯಾವುದು, ದಮ್ಮು ಯಾವುದು ಎಂದು ಯಾರೂ ಬೇರೆ ಮಾಡಿರಲಿಲ್ಲ. ಕುಸ್ತಿಯಲ್ಲಿ ಬಲ ಇದ್ದು ಉಸಿರು ಕಟ್ಟಿದರೂ ಸೋಲು, ಉಸಿರಿದ್ದು ಬಲ ಇಲ್ಲದಿದ್ದರೂ ಸೋಲು ಅಲ್ವಾ?

ಊಟದ ವಿಷಯ ಯಾರೂ ಎತ್ತಲಿಲ್ಲ. ವೇಟ್ಸ್ ಶುರು ಮಾಡಿದ ಮೇಲೆ ಪ್ರೋಟೀನ್ ಸಾಲದಿದ್ದರೆ ಶ್ರಮ ಅರ್ಧ ವ್ಯರ್ಥ. ಮೈತೂಕದ ಪ್ರತಿ ಕೆಜಿಗೆ 1.2 ಗ್ರಾಂ ಎಂದಿಟ್ಟುಕೊಂಡರೂ ನಿಮಗೆ ದಿನಕ್ಕೆ 96 ಗ್ರಾಂ ಬೇಕು, ನಮ್ಮ ಅನ್ನ ಸಾರಿನಲ್ಲಿ ಅದರ ಅರ್ಧವೂ ಬರುವುದು ಕಷ್ಟ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಹುರುಳಿಕಾಳು 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಇದೆ, ಆದರೆ ನಾವು ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿ ಕಾಳು ಪಕ್ಕಕ್ಕೆ ತಳ್ಳುತ್ತೇವೆ. ಕಾಳು ತಿನ್ನಿ. ಮೊಸರು, ಕಡಲೆ, ಪನೀರ್, ಮಾಂಸಾಹಾರಿಯಾದರೆ ಮೀನು, ಕೋಳಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ರಾತ್ರಿ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯಲ್ಲಿ ನಡೆಯಿರಿ, ಊಟದ ನಂತರ ಏರುವ ಸಕ್ಕರೆ ಅದರಿಂದ ತಗ್ಗುತ್ತದೆ.

ತೂಕದ ಮುಳ್ಳು ನೋಡುವುದನ್ನು ಸ್ವಲ್ಪ ದಿನ ಬಿಡಿ. ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು ಎನ್ನುತ್ತಾರೆ.

ಕೆರೆ ಏರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ ಮಂಡಿ ಕಥೆ ನನ್ನದೇ ಅನ್ನಿಸಿತು. ಸೊಂಟ ಈಗಲೇ ಅಳೆದೆ, 98 ಇದೆ. ಹೃದಯದ ಬಗ್ಗೆ ಮಾತ್ರ ಯಾರಾದರೂ ಹೇಳಿ, ಮನೆಯಲ್ಲಿ ಅದೇ ಭಯ.

ಕಬ್ಬಿಣದ ರಾಡು:

ಶುರು ಮಾಡುವ ಮೊದಲು ಬಿಪಿ ನೋಡಿಸಿ, ಜಿಮ್ ಸೇರಿದ್ದೇನೆ ಎಂದು ಡಾಕ್ಟರಿಗೂ ಒಂದು ಮಾತು ಹೇಳಿ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ, ಹಾಗೆ ಹಿಡಿದಾಗಲೇ ಬಿಪಿ ಥಟ್ಟನೆ ಏರುವುದು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮನೆಯವರಿಗೆ ಇದನ್ನೂ ಹೇಳಿ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮವೂ ಇದೆ, ಕನಿಷ್ಠ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮವೂ ಇದೆ. 65 ದಾಟಿದವರಿಗೂ ಅದೇ ಎರಡು ದಿನ ಹೇಳಿದ್ದಾರೆ.

ಕೆರೆ ಏರಿ:

ಡಾಕ್ಟರನ್ನು ಕೇಳಿ ಬಂದೆ, ಬಿಪಿ ಸರಿ ಇದೆ, ಮಾಡಿ ಎಂದರು. ಟ್ರೈನರ್ ಹತ್ತಿರ ಕೂತು ಮಾತಾಡಿದೆ. ನನಗೆ ಬೇಕಾಗಿರುವುದು ಸಕ್ಕರೆ ಇಳಿಯುವುದು, ಮಂಡಿ ಗಟ್ಟಿಯಾಗುವುದು, ನಡಿಗೆ ಬಿಡುವುದಿಲ್ಲ ಎಂದೆ. ಅವರೂ ಒಪ್ಪಿ ವಾರಕ್ಕೆ ಎರಡು ದಿನ ಹೇಳಿಕೊಡುತ್ತೇನೆ ಎಂದರು, ಒಳ್ಳೆಯ ಮನುಷ್ಯ. ಇವತ್ತು ಸೋಮವಾರ, ಮೊದಲ ದಿನ ಆಯಿತು. ಸ್ಕ್ವಾಟ್‌ಗೆ ಬರೀ 20 ಕೆಜಿ ರಾಡು, ಪ್ಲೇಟ್ ಹಾಕಲಿಲ್ಲ. ರಾತ್ರಿಗೆ ಹುರುಳಿ ಸಾರು, ಕಾಳಿನ ಪಲ್ಯ. ಭಾನುವಾರ ಬೆಟ್ಟ ಹತ್ತಿ ಬಸ್ಸಲ್ಲಿ ಇಳಿದು ಬಂದ ಮೇಲೆ ಮಂಡಿ ಹೇಗಿದೆ ಎಂದು ಬರೆಯುತ್ತೇನೆ.