ಅಮ್ಮನ ಎರಡೂ ಮಂಡಿಯಲ್ಲಿ ಲೋಹ, ಮೊದಲ ವಿಮಾನ. ಚೆಕಿಂಗ್ ಹೇಗಿರುತ್ತೆ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಹುಡುಗಿ:
ಅಮ್ಮನಿಗೆ 71. ಎರಡೂ ಮಂಡಿ ಬದಲಾಯಿಸಿದೆ. ಮುಂದಿನ ತಿಂಗಳು ಶಿವಮೊಗ್ಗದ ಸೊಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಅಮೆರಿಕದಲ್ಲಿರುವ ತಮ್ಮನ ಮನೆಗೆ. ಮೈಯೆಲ್ಲ ಮುಟ್ಟಿ ನೋಡುತ್ತಾರೆ ಎಂದು ಯಾರೋ ಹೆದರಿಸಿದ್ದಾರೆ, ಈಗ ಬರೋದೇ ಇಲ್ಲ ಅಂತ ಕೂತಿದ್ದಾರೆ. ಡಾಕ್ಟರ್ ಚೀಟಿ ತೋರಿಸಿದರೆ ಬಿಡುತ್ತಾರಾ? ಕರಿಮಣಿ ತೆಗೀಬೇಕಾ?

ಸಾಗರ ಸೀಮೆ:
ಮಂಡಿ ವಿಷಯ ಗೊತ್ತಿಲ್ಲ ಅಕ್ಕ, ನಮ್ಮ ಅಪ್ಪಯ್ಯನ ಕಥೆ ಕೇಳಿ. ಅವರಿಗೆ ಕವಳ, ಅಂದರೆ ಎಲೆಯಡಿಕೆ, ಇಲ್ಲದೆ ಹೊತ್ತು ಹೋಗೋದಿಲ್ಲ. ದೆಹಲಿಗೆ ಹೊರಟಾಗ ಕವಳದ ಸಂಚಿ ಕೈಚೀಲದಲ್ಲೇ ಇತ್ತು. ಯಾವ ನಿಲ್ದಾಣ ಅಂತ ಹೇಳೋದಿಲ್ಲ. ಎಕ್ಸ್‌ರೇ ಆದಮೇಲೆ ಚೀಲವನ್ನು ಪಕ್ಕದ ಸಾಲಿಗೆ ತಳ್ಳಿದರು. ಅಲ್ಲಿದ್ದ ಹುಡುಗ ಸಂಚಿಯನ್ನು ಟ್ರೇಗೆ ಬೋರಲು ಹಾಕಿದ. ಎಲೆ, ಹೊಗೆಸೊಪ್ಪು, ಅಡಿಕೆ ಹೋಳು ಎಲ್ಲ ನಾಲ್ಕು ಜನರೆದುರು. ಸುಣ್ಣದ ಡಬ್ಬಿ ಬಿಚ್ಚಿ ಮೂಸಿದ, ಬೆರಳಲ್ಲಿ ತೀಡಿದ, ಇನ್ನೊಬ್ಬನನ್ನು ಕರೆದು ತೋರಿಸಿದ. ಹಿಂದೆ ನಿಂತವರು ಕಿಸಕ್ಕಂತ ನಕ್ಕರು. ಕೊನೆಗೆ ಎಲ್ಲ ವಾಪಸ್ ಕೊಟ್ಟರು, ಅಡಕತ್ತರಿ ಮಾತ್ರ ಡಬ್ಬಕ್ಕೆ ಬಿತ್ತು. ಹಿತ್ತಾಳೆ ಹಿಡಿಯದ್ದು, ಅಜ್ಜನ ಕಾಲದ್ದು. ದೊಡ್ಡ ಬ್ಯಾಗ್ ಆಗಲೇ ಒಳಗೆ ಹೋಗಿತ್ತು. ಇದೊಂದಕ್ಕೇ ಇನ್ನೊಂದು ಲಗೇಜ್ ಮಾಡಿಸಲು ಕೌಂಟರಿನಲ್ಲಿ 2,400 ಕೇಳಿದರು. ಕೊಡುತ್ತೇನೆ ಅಂದೆ, ಅಪ್ಪಯ್ಯ ಕೈಹಿಡಿದು ಎಳೆದುಕೊಂಡು ಹೋದರು. ಊರಿಗೆ ಬಂದು 450ಕ್ಕೆ ಹೊಸದು ತಂದೆ. ಗೋಟಡಿಕೆ ಇಟ್ಟರೆ ಜಾರುತ್ತೆ, ಕತ್ತರಿಸೋದಿಲ್ಲ. ಮತ್ತೆ ಸಾಣೆಗೆ 60. ಈಗಲೂ ಜಾರುತ್ತೆ.

ಹೊಸನಗರದ ನಿವೃತ್ತ:
ಹರಿತವಾದ್ದು ಕೈಚೀಲದಲ್ಲಿ ಬಿಡೋದಿಲ್ಲ. ಅಜ್ಜನ ಕಾಲದ್ದಾದರೂ ಅಷ್ಟೇ. ನಾನು ಅದೇ ಕೆಲಸ ಮಾಡಿ ನಿವೃತ್ತನಾದವನು, ನನಗೆ ಅದರ ಬಗ್ಗೆ ಹೆಮ್ಮೆಯಿದೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನವನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರಕ್ಕೆ ಹೊತ್ತುಕೊಂಡು ಹೋದರಲ್ಲ, ಆಮೇಲೆ ತಾನೇ 2000ದಲ್ಲಿ ಜೈಪುರದಿಂದ ಶುರುಮಾಡಿ ನಿಲ್ದಾಣಗಳ ಕಾವಲನ್ನು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ಗೆ ಒಪ್ಪಿಸಿದ್ದು? ಸುಣ್ಣವೋ ಮತ್ತೊಂದೋ ಎಂದು ಮೂಸದೆ ಹೇಗೆ ತಿಳಿಯಬೇಕು? ಇಡೀ ಪಾಳಿ ನಿಂತೇ ಇರುತ್ತೇವೆ. ಬಂದವರೆಲ್ಲ ನಮ್ಮ ಮೇಲೇ ಕೂಗಾಡೋದು. ಥ್ಯಾಂಕ್ಸ್ ಅಂದವರನ್ನು ಬೆರಳಲ್ಲಿ ಎಣಿಸಬಹುದು.

ಸಾಗರ ಸೀಮೆ:
ಮೂಸಿದ್ದಕ್ಕೆ ಬೇಜಾರಿಲ್ಲ ಸ್ವಾಮಿ. ನಕ್ಕವರಿಗೆ ಸುಮ್ನಿರಿ ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ? ಕಂದಹಾರಕ್ಕೂ ನಮ್ಮ ಅಪ್ಪಯ್ಯನಿಗೂ ಎಂತ ಸಂಬಂಧ?

ಕೊಪ್ಪದ ಸೊಸೆ:
ಇಲ್ಲಿಯದು ಏನೂ ಅಲ್ಲ. ಅಮೆರಿಕದಲ್ಲಿ ಒಳಗಿನ ವಿಮಾನ ಹತ್ತುವಾಗ ನಮ್ಮತ್ತೆ ಪಟ್ಟ ಪಾಡು ನೋಡಬೇಕಿತ್ತು. ಅಲ್ಲಿ ಗಾಜಿನ ಗೂಡಿನಂಥದ್ದರಲ್ಲಿ ಕೈ ಮೇಲೆತ್ತಿ ನಿಲ್ಲಬೇಕು. ಬಟ್ಟೆ ಒಂದರ ಮೇಲೊಂದು ಮಡಿಕೆ ಇದ್ದಲ್ಲೆಲ್ಲ ಪರದೆ ಮೇಲೆ ಹಳದಿ ಚೌಕ ಬೀಳುತ್ತೆ. ಸೀರೆ ಅಂದಮೇಲೆ ಹೇಳಬೇಕಾ? ನೆರಿಗೆ ಒಂದು ಚೌಕ, ಸೆರಗು ಒಂದು ಚೌಕ, ತುರುಬು ಇನ್ನೊಂದು. ಆ ಹೆಂಗಸು ಕೈಗವಸು ಹಾಕಿಕೊಂಡು ತುರುಬಿನೊಳಗೆ ಬೆರಳಾಡಿಸಿದಳು, ಸೊಂಟದ ಸುತ್ತ ನೆರಿಗೆ ಒತ್ತಿ ನೋಡಿದಳು. ಪ್ರತಿ ಸಲವೂ ಏನು ಮಾಡುತ್ತೇನೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು, ಅತ್ತೆಗೆ ಒಂದಕ್ಷರ ತಿಳೀಲಿಲ್ಲ. ನಾನು ಹತ್ತಿರ ಹೋದರೆ ದೂರ ನಿಲ್ಲು ಅಂತ ಗದರಿದರು. ನೆರಿಗೆ ಸಡಿಲಾಗಿ ಮುಂದಿನ ಬಾತ್‌ರೂಮಿನವರೆಗೂ ಕೈಯಲ್ಲಿ ಹಿಡಿದುಕೊಂಡೇ ನಡೆದರು. ನಮ್ಮ ಯಜಮಾನರಿಗೆ ಅದೆಲ್ಲ ಕಾಣಲೇ ಇಲ್ಲ, ಗೇಟ್ ತಪ್ಪುತ್ತೆ ಅಂತ ನನ್ನ ಮೇಲೆ ರೇಗಿದರು. ಅದು ಬೇರೆ ಕಥೆ.

ಭದ್ರಾವತಿ ಟೆಕ್ಕಿ:
ಚೂಡಿದಾರ್ ಹಾಕಿಸಿದ್ದರೆ ಮುಗಿದಿತ್ತು. ಹೋಗುವ ಕಡೆಗೆ ತಕ್ಕಂತೆ ಹೋಗಬೇಕು. ಅಂದಹಾಗೆ ಬೆತ್ತಲೆ ಕಾಣುತ್ತೆ ಅಂತೆಲ್ಲ ಹೆದರಿಸಬೇಡಿ. ಆ ತರಹದ ಹಳೆಯ ಎಕ್ಸ್‌ರೇ ಯಂತ್ರಗಳನ್ನು ಅಲ್ಲಿ 2013ರಲ್ಲೇ ತೆಗೆದಾಯ್ತು. ಈಗ ಬರೋದು ಬರೀ ಗೊಂಬೆ ಚಿತ್ರ. ಶೂ ಬಿಚ್ಚಿಸುವ ನಿಯಮವೂ 2025ರ ಜುಲೈನಲ್ಲಿ ಹೋಯ್ತು.

ಕೊಪ್ಪದ ಸೊಸೆ:
ಬೆತ್ತಲೆ ಅಂತ ನಾನೆಲ್ಲಿ ಬರೆದೆ? ಸರಿಯಾಗಿ ಓದಿ. ಜೀವಮಾನವೆಲ್ಲ ಸೀರೆ ಉಟ್ಟವರಿಗೆ ಒಂದು ಯಂತ್ರಕ್ಕೋಸ್ಕರ ಚೂಡಿದಾರ್ ಹಾಕು ಅನ್ನೋಕೆ ನೀವು ಯಾರು? ನಿಮ್ಮ ಅಮ್ಮನಿಗೆ ಹೇಳಿ ನೋಡಿ.

ಶೃಂಗೇರಿ ಮೇಷ್ಟ್ರು:
ನನಗೇ ಎರಡೂ ಮಂಡಿ ಆಗಿದೆ, ಬೇಡವೆಂದರೂ ಕೇಳಿ. ಆಸ್ಪತ್ರೆಯವರು ಕೊಟ್ಟ ಕಾರ್ಡಿಗೆ 50 ರೂಪಾಯಿ ಕೊಟ್ಟು ಲ್ಯಾಮಿನೇಶನ್ ಮಾಡಿಸಿದ್ದೆ. ಅದನ್ನು ನೋಡಿ ತಲೆಯಾಡಿಸುತ್ತಾರೆ, ತಪಾಸಣೆ ಮಾತ್ರ ಬಿಡೋದಿಲ್ಲ. ಬಾಗಿಲಿನಂಥ ಯಂತ್ರ ಕೂಗಿಯೇ ಕೂಗುತ್ತೆ, ಆಮೇಲೆ ಕೈಯಂತ್ರ, ಆಮೇಲೆ ಕೈ. ಕೂಗುವ ಮೊದಲೇ ‘ಮಂಡಿಯಲ್ಲಿ ಲೋಹ ಇದೆ’ ಅಂದುಬಿಡುತ್ತೇನೆ. ಕೂಗಿದಮೇಲೆ ಹೇಳಿದರೆ ಅವರ ಮುಖವೇ ಬೇರೆ. ಪಂಚೆ ಉಟ್ಟು ಹೋದರೆ ಮಂಡಿಯ ಗಾಯದ ಕಲೆ ತೋರಿಸೋದು ಸಲೀಸು, ಪ್ಯಾಂಟ್ ಹಾಕಿದಾಗ ಒಬ್ಬ ಬಿಚ್ಚಿ ಅಂದ. ಬಿಚ್ಚೋದಿಲ್ಲ, ನಿಮ್ಮ ಮೇಲಿನವರನ್ನು ಕರೀರಿ ಅಂದೆ. ಮೇಲಿನವರು ಬಂದರು, ನಾನು ಬಿಚ್ಚಲಿಲ್ಲ. ನಟಿ ಸುಧಾ ಚಂದ್ರನ್ ಕೃತಕ ಕಾಲನ್ನು ಪ್ರತಿ ಸಲ ತೆಗೆಸುತ್ತಾರೆ ಎಂದು 2021ರಲ್ಲಿ ವಿಡಿಯೊ ಹಾಕಿದಮೇಲೆ ಸಿಐಎಸ್‌ಎಫ್ ಕ್ಷಮೆ ಕೇಳಿತ್ತು. ಹೆಂಗಸರಿಗೆ ಪರದೆ ಹಿಂದೆ ಹೆಂಗಸರೇ ನೋಡುತ್ತಾರೆ. ನನ್ನ ಹೆಂಡತಿಯ ಕರಿಮಣಿ ಯಾರೂ ತೆಗೆಸಲಿಲ್ಲ.

ಹೊಸನಗರದ ನಿವೃತ್ತ:
ಮೇಷ್ಟ್ರೇ, ನೀವು ವಾದಿಸುತ್ತಾ ನಿಂತರೆ ಹಿಂದಿನವರ ವಿಮಾನ ತಪ್ಪುತ್ತೆ. ಆ ಬೈಗುಳವೂ ನಮಗೇ.

ಆನಂದಪುರ:
ಇಷ್ಟೆಲ್ಲ ಎಂತಕ್ಕೆ? ತಾಳಗುಪ್ಪದ ರಾತ್ರಿ ರೈಲಿಗೆ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಯಾರೂ ಮುಟ್ಟೋದಿಲ್ಲ. ಮಳೆಗಾಲದಲ್ಲಿ ಸೊಗಾನೆಗೆ ಬಂದ ವಿಮಾನ ಮೋಡಕ್ಕೆ ಹೆದರಿ ಇಳಿಯದೆ ವಾಪಸ್ ಹೋದದ್ದೂ ಉಂಟು.

ಭದ್ರಾವತಿ ಟೆಕ್ಕಿ:
ಬೆಂಗಳೂರಿನಿಂದ ಮುಂದೆ? ಅಮೆರಿಕಕ್ಕೂ ತಾಳಗುಪ್ಪದಿಂದ ರೈಲಿದೆಯಾ ಮಾರಾಯ್ರೆ?

ನಿಟ್ಟೂರು ತೋಟ:
ಚೆಕಿಂಗ್ ಬಿಡಿ, ತಮ್ಮನಿಗೆ ಎಂತ ಒಯ್ಯುತ್ತೀರಿ ಅದು ಹೇಳಿ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಇಡಲೇಬೇಡಿ. ನಮ್ಮದು ಎರಡು ಕೆಜಿ ಹೋಯ್ತು. ಮಿಡಿಗೇ 900 ಕೊಟ್ಟಿದ್ದೆ, ಮೇಲೆ ಬ್ಯಾಡಗಿ ಮೆಣಸು, ಸಾಸಿವೆ, ನಮ್ಮನೆಯವಳ ಶ್ರಮ. ಕೊಬ್ಬರಿ ಎಲ್ಲೂ ಹಾಕೋ ಹಾಗಿಲ್ಲ, ದೊಡ್ಡ ಬ್ಯಾಗಿನಲ್ಲೂ ಇಲ್ಲ.

ಆನಂದಪುರ:
ಸುಳ್ಳು. ನಮ್ಮ ಭಾವ ದೊಡ್ಡ ಬ್ಯಾಗಿನಲ್ಲಿ ತೆಂಗಿನಕಾಯಿ ಒಯ್ದಿದ್ದಾರೆ.

ನಿಟ್ಟೂರು ತೋಟ:
ತೆಂಗಿನಕಾಯಿ ಬೇರೆ, ಒಣ ಕೊಬ್ಬರಿ ಬೇರೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ ಅಂತ ನಿಷೇಧ. ತೆಂಗಿನ ತೋಟ ಇಟ್ಟವನಿಗೆ ಹೇಳಿಕೊಡಬೇಡಿ.

ಆನಂದಪುರ:
ಎಷ್ಟು ಮರ ಇದೆ ನಿಮ್ಮದು? ಅಡಿಕೆಯ ನಡುವೆ ನಾಲ್ಕು ತೆಂಗು ಇಟ್ಟರೆ ತೆಂಗಿನ ತೋಟವಾ?