ಕಾರಿನ ಅಡಿಗೆ ಬಳಿಯುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಕುಂದಾಪುರದ ಹತ್ತಿರ. ನನ್ನ ಕಾರು ದಿನಾ ಮರವಂತೆ ದಾಟಿ ಓಡುತ್ತದೆ. ಅಲ್ಲಿ 66ನೇ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಉಪ್ಪುಗಾಳಿಯೂ ಮಳೆನೀರೂ ಸೇರಿದರೆ ಕಾರಿನ ಅಡಿಯನ್ನು ತುಕ್ಕು ತಿಂದು ಹಾಕುತ್ತದೆ. ಅದಕ್ಕೇ ಈ ಸಲ ಮಳೆಗೆ ಮುಂಚೆ ಮನೆಯಂಗಳದಲ್ಲೇ ಅಂಡರ್‌ಕೋಟಿಂಗ್ ಮಾಡಿದೆ, ಅಂದರೆ ತುಕ್ಕು ಹಿಡಿಯದ ಹಾಗೆ ಕಾರಿನ ಅಡಿಗೆ ಡಾಂಬರಿನಂಥ ಒಂದು ಪದರ ಬಳಿದೆ. ಪಕ್ಕದ ಮನೆಯ ಅಣ್ಣ ತಾವೂ ಮಾಡುತ್ತೇನೆ ಅಂದರು. ಅವರಿಗೆ ಒಂದು ಹಾಳೆಯಲ್ಲಿ ಬರೆದುಕೊಡೋಣ ಅಂತ ಕೂತೆ, ಮೊದಲ ಸಾಲಿಗೇ ಪೆನ್ನು ನಿಂತಿತು.

'ಒಳಲೇಪನ' ಅಂತ ಬರೆದಿದ್ದೆ. ಅವರು ಓದಿ, "ಒಳಗೆ ಅಂದ್ರೆ ಎಲ್ಲಿ, ಸೀಟಿನ ಕೆಳಗಾ?" ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಬಣ್ಣದವರಿಗೆ ಅಂಡರ್‌ಕೋಟ್ ಅಂದರೆ ಬಣ್ಣಕ್ಕೆ ಮೊದಲು ಕೊಡುವ ಕೋಟು. ಕಾರಿನವರಿಗೆ ಅದು ಕಾರಿನ ಹೊಟ್ಟೆಗೆ ಹಾಕುವಂಥದ್ದು. 'ಒಳ' ಎರಡನ್ನೂ ಹೇಳುವುದಿಲ್ಲ. 'ತಳಲೇಪನ' ಅಂದರೆ ಅರ್ಥವೇನೋ ಆಗುತ್ತದೆ. ಆದರೆ ಲೇಪನ ಅಂದ ಕೂಡಲೇ ನನಗೆ ಗಂಧದ ಘಮ ಬರುತ್ತದೆ, ಡಾಂಬರಿನ ವಾಸನೆ ಅಲ್ಲ.

ಆಮೇಲೆ ಅಮ್ಮನ ಅಡುಗೆಮನೆ ನೆನಪಾಯಿತು. ಸೌದೆ ಒಲೆಗೆ ಪಾತ್ರೆ ಏರಿಸುವ ಮುಂಚೆ ಅಮ್ಮ ಅದನ್ನು ಬೋರಲು ಹಾಕಿ, ನೀರಲ್ಲಿ ಕಲಸಿದ ಬೂದಿಯನ್ನು ಅಂಗೈಯಲ್ಲೇ ತಳಕ್ಕೆ ಬಳಿಯುತ್ತಿದ್ದರು. ಕೆಳಗಿನಿಂದ ಶುರುಮಾಡಿ ಅರ್ಧದವರೆಗೆ, ಒಂದು ಬೆರಳಿನಷ್ಟು ಜಾಗವೂ ಬಿಡದ ಹಾಗೆ. ಅಡುಗೆ ಮುಗಿದ ಮೇಲೆ ಮಸಿಯೆಲ್ಲ ಬೂದಿಯ ಜೊತೆಗೇ ತೊಳೆದು ಹೋಗುತ್ತಿತ್ತು. "ತಳಕ್ಕೆ ಬಳಿದ್ಯಾ?" ಅಂತ ಅಜ್ಜಿ ಕೇಳಿದರೆ ಸಾಕು, ಏನನ್ನು ಅಂತ ಹೇಳಬೇಕಿರಲಿಲ್ಲ. ಕಾರಿಗೆ ನಾವು ಮಾಡುವುದೂ ಅದೇ ಕೆಲಸ ಅಲ್ವಾ? ಕುಣಿತ, ಹೊಡೆತದ ಹಾಗೆ 'ತಳಬಳಿತ' ಅನ್ನಬಹುದೇ?

'ಕಲಾಯಿ' ಕೂಡ ಮನಸ್ಸಿಗೆ ಬಂತು. ಆದರೆ ಕಲಾಯಿಯಲ್ಲಿ ತವರ ಕರಗಿ ಹಿತ್ತಾಳೆಗೆ ಅಂಟಿಕೊಳ್ಳುತ್ತದೆ, ಅದೂ ಪಾತ್ರೆಯ ಒಳಗೆ. ಇದು ಬರೀ ಮೇಲೆ ಕೂರುವ ಪದರ. ಹೊಂದುವುದಿಲ್ಲ.

ಹೆಸರಿಗಿಂತ ಕ್ರಿಯಾಪದವೇ ಮುಖ್ಯ ಅಂತ ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು. ಡಾಂಬರಿನಂಥ ಗಟ್ಟಿ ಮಾಲನ್ನು ಬ್ರಷ್ಷಿನಲ್ಲಿ 'ಬಳಿಯುತ್ತೇವೆ'. ಸ್ಪ್ರೇ ಡಬ್ಬಿಯಾದರೆ 'ಹೊಡೆಯುತ್ತೇವೆ'. ಮೇಣ ಅಥವಾ ಉಣ್ಣೆಯ ಜಿಡ್ಡಿನಿಂದ ಮಾಡಿದ್ದಾದರೆ 'ಸವರುತ್ತೇವೆ'. 'ಮೆತ್ತಬೇಡಿ' ಅಂತ ಬೇರೆಯಾಗಿಯೇ ಬರೆದೆ. ಒಂದೇ ಸಲಕ್ಕೆ ದಪ್ಪಗೆ ಮೆತ್ತಿದರೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಉಳಿಯುತ್ತದೆ. ತೆಳ್ಳಗೆ ಎರಡು ಸಲ ಆದರೆ ಒಳ್ಳೆಯದು. ಈ ನಾಲ್ಕು ಮಾತಿನ ವ್ಯತ್ಯಾಸವನ್ನು 'ಲೇಪಿಸಿ' ಅನ್ನುವ ಒಂದು ಮಾತು ಅಳಿಸಿಬಿಡುತ್ತದೆ.

ಇನ್ನೆರಡು ಪದ ಸುಲಭವಾಗಿ ಸಿಕ್ಕವು. ತುಕ್ಕು ಪದರ ಪದರವಾಗಿ ಎದ್ದಿರುತ್ತದಲ್ಲ, ಅದಕ್ಕೆ 'ಹಕ್ಕಳೆ'. ತಂತಿ ಬ್ರಷ್ಷಿನಲ್ಲಿ ಹಕ್ಕಳೆಯೆಲ್ಲ ಕೆರೆದು, ತೊಳೆದು, ಪೂರ್ತಿ ಒಣಗಿಸದೆ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಬೆಳೆಯುತ್ತಲೇ ಇರುತ್ತದೆ. ಇನ್ನೊಂದು 'ತೂಬು'. ಬಾಗಿಲಿನ ಕೆಳಗೆ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಕೆರೆಗೆ ತೂಬು, ಬಚ್ಚಲಿಗೆ ತೂಬು, ಕಾರಿಗೂ ತೂಬು. 'ತೂಬು ಮುಚ್ಚಬೇಡಿ' ಅಂತ ಬರೆದದ್ದನ್ನು ಅಣ್ಣ ಒಂದೇ ಸಲಕ್ಕೆ ಹಿಡಿದರು. ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರ್ ಈ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬಿಟ್ಟೆ. ಅವುಗಳ ಮೇಲೆ ಏನೂ ಬೀಳದ ಹಾಗೆ ಕಾಗದ, ಟೇಪು ಸುತ್ತಿಕೊಳ್ಳಿ ಅಂತಷ್ಟೇ ಹೇಳಿದೆ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ ಅಂತಲೂ.

ಈಗ ನನ್ನ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಇದೆ. ಗಂಗೊಳ್ಳಿ, ಮಲ್ಪೆ, ಕಾರವಾರದ ಕಡೆಯವರು ಯಾರಾದರೂ ಇದ್ದರೆ ಹೇಳಿ: ದೋಣಿಯನ್ನು ಮಗುಚಿ ಅಡಿಗೆ ಎಣ್ಣೆ ಹಚ್ಚುವ ಆ ಕೆಲಸಕ್ಕೆ ನಿಮ್ಮಲ್ಲಿ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ 'ತಳಬಳಿತ' ಬಿಟ್ಟು ಅದನ್ನೇ ಹಾಳೆಯ ಮೇಲೆ ಬರೆಯುತ್ತೇನೆ.