ತೆನೆ ಹೊತ್ತ ಮಹಿಳೆಯನ್ನು ಬಿಟ್ಟಿಲ್ಲವೇ ಎಂದು ಕೇಳಿದೆಯಲ್ಲ

ಪುಟ್ಟಾ, ‘ದೊಡ್ಡಪ್ಪ ಇನ್ನೂ ಜೆಡಿಎಸ್ ಬಿಟ್ಟಿಲ್ಲವೇ, ಆ ಅಪ್ಪ-ಮಕ್ಕಳ ಪಕ್ಷದಲ್ಲಿ ಏನಿದೆ’ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದೀಯ. ಕೈಯೆಲ್ಲ ಕಾಫಿ ಹಣ್ಣಿನ ಅಂಟು, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು ಇದ್ದರೆ ಸಹಿಸಿಕೋ.

2018ರಲ್ಲಿ ಕುಮಾರಸ್ವಾಮಿಯವರು ಸಾಲ ಮನ್ನಾ ಎಂದಾಗ ನಿನ್ನ ಅಜ್ಜನ ಸಹಕಾರ ಸಂಘದ ಒಂದು ಲಕ್ಷ ತೀರಿತು. ಇಬ್ಬರದೂ ಒಂದೇ ಪಡಿತರ ಚೀಟಿ, ಮನೆಗೊಂದೇ ಮನ್ನಾ ಎಂದು ನನ್ನ ಸಾಲ ಉಳಿಯಿತು. ಅದಕ್ಕಾಗಿ ಆರು ತಿಂಗಳು ಅಲೆದದ್ದನ್ನು ನಿನ್ನ ದೊಡ್ಡಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ತೋಟಗಳೇ ಕೊಚ್ಚಿಹೋದಾಗ, ಅಜ್ಜ ಆ ಮನ್ನಾದ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಬೆಳೆ, ಮಳೆ, ಸಾಲ ಎಂದರೆ ಆ ಪಕ್ಷದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವೇಗೌಡರು ಪ್ರಧಾನಿಯಾಗಿದ್ದವರು, ಆದರೂ ನೀರಿನ ಮಾತು ಬಂದರೆ ರೈತನಂತೆಯೇ ಜಗಳಕ್ಕೆ ನಿಲ್ಲುತ್ತಾರೆ. ಏನೆಂದರೆ, ಅವರ ಲೆಕ್ಕದಲ್ಲಿ ಕಾವೇರಿ ಕನ್ನಂಬಾಡಿಯಲ್ಲಿ ಹುಟ್ಟುತ್ತಾಳೆ. ತಲಕಾವೇರಿಯ ನಮಗೆ ಮಳೆ ಮಾತ್ರ!

ಕುಟುಂಬ ರಾಜಕಾರಣ ಯಾವ ಪಕ್ಷದಲ್ಲಿಲ್ಲ ಹೇಳು. ನನ್ನ ದೂರು ಬೇರೆ. ನಮ್ಮ ಕಡೆ ಈ ಪಕ್ಷ ಎಂದರೆ ಜೀವಿಜಯ ಅವರು. 2018ರಲ್ಲಿ ಮಡಿಕೇರಿಯಲ್ಲಿ ಬಿಜೆಪಿಯ ಅಪ್ಪಚ್ಚು ರಂಜನ್ ಎದುರು ಸೋತರು, ಆಮೇಲೆ ಕಾಂಗ್ರೆಸ್ಸಿಗೆ ಹೋದರು. ಬಾವುಟ ಕಟ್ಟುತ್ತಿದ್ದ ಹುಡುಗರೂ ಅವರ ಹಿಂದೆಯೇ ನಡೆದರು. 2023ರಲ್ಲಿ ಜಿಲ್ಲೆಯ ಎರಡೂ ಸ್ಥಾನ ಕಾಂಗ್ರೆಸ್ಸಿಗೆ ಹೋದವು, ರಾಜ್ಯದಲ್ಲಿ ಜೆಡಿಎಸ್ 37ರಿಂದ 19ಕ್ಕೆ ಇಳಿಯಿತು.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಇನ್ನೊಂದಿದೆ. 1999ರಲ್ಲಿ ಬಿಜೆಪಿ ಸಹವಾಸ ಬೇಡವೆಂದೇ ಜನತಾದಳದಿಂದ ಒಡೆದು ಬಂದ ಪಕ್ಷ ಇದು, ಅದಕ್ಕೇ ಹೆಸರಿನಲ್ಲಿ ಜಾತ್ಯತೀತ. 2006ರಲ್ಲಿ ಅದೇ ಬಿಜೆಪಿಯೊಡನೆ ಸರ್ಕಾರ ಮಾಡಿದರು, 2007ರಲ್ಲಿ ಕೊಟ್ಟ ಮಾತಿನಂತೆ ಅಧಿಕಾರ ಬಿಟ್ಟುಕೊಡಲಿಲ್ಲ. ಮರುವರ್ಷ ಜನ 58ರಿಂದ 28ಕ್ಕೆ ಇಳಿಸಿ ಕಳಿಸಿದರು. ಅಷ್ಟಾದ ಮೇಲೂ 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿಯ ಕೂಟವಾದ ಎನ್‌ಡಿಎ ಸೇರಿದರು. ನಮ್ಮ ಮೆಣಸು ಕೊಳ್ಳುವ ಸಾಹೇಬರು ಗೊತ್ತಲ್ಲ, ಇಪ್ಪತ್ತು ವರ್ಷ ನಾವಿಬ್ಬರೂ ಒಂದೇ ಗುಂಡಿ ಒತ್ತಿದವರು. ಆ ವಾರ ಮೂಟೆ ತೂಗಿ, ಹಣ ಎಣಿಸಿ ಕೊಟ್ಟರು, ರಾಜಕೀಯದ ಒಂದು ಮಾತೂ ಎತ್ತಲಿಲ್ಲ. ಯಾವತ್ತೂ ಚಹಾ ಕುಡಿಯದೆ ಹೋದವರಲ್ಲ.

ಸರಿ, ಮೋಡ ಕವಿಯುತ್ತಿದೆ, ಕಣದ ಕಾಫಿ ರಾಶಿ ಮಾಡಿ ಮುಚ್ಚಬೇಕು. ಮುಂದಿನ ಸಲ ಯಾರಿಗೆ ಎಂದು ಮಾತ್ರ ಕೇಳಬೇಡ, ನಿನ್ನ ದೊಡ್ಡಮ್ಮನಿಗೇ ಹೇಳಿಲ್ಲ.